ಹಳೇ ಮಿಲಿಟರಿ ಬಂದೂಕಿನ ಬೆಲೆ ಮತ್ತು ದೇಶದೇಶಗಳ ರಾಜಕೀಯ: ದುರ್ಗ, ದಾವಣಗೆರೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದವರು ಮಹಾಯುದ್ಧದ ಕಾಲದ ರೈಫಲ್ ಬಿಚ್ಚಿ ತೋರಿಸುವ ವಿಡಿಯೊಗಳನ್ನು ನಮ್ಮ ಕಡೆ ನೋಡುವವರು ತುಂಬಾ ಜನ ಇದ್ದಾರೆ. ಕಾಲೇಜು ಹುಡುಗರು ನೋಡುತ್ತಾರೆ. ಎನ್‌ಸಿಸಿಯಲ್ಲಿ .303 ರೈಫಲ್ ಹೊತ್ತು ಪರೇಡ್ ಮಾಡಿದ ಹಿರಿಯರು ನೋಡುತ್ತಾರೆ. ಮನೆಯಲ್ಲಿ ಅಜ್ಜನ ಕಾಲದ ಲೈಸೆನ್ಸ್ ಬಂದೂಕು ಇರುವವರೂ ನೋಡುತ್ತಾರೆ. ನೋಡಿದ ಮೇಲೆ ಅವರಿಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಇತಿಹಾಸ ಇಷ್ಟಪಡುವವನಾಗಿ ಉತ್ತರ ಬರೆದಿದ್ದೇನೆ. ಕಾನೂನಿನ ವಿಷಯ ಬಂದ ಕಡೆ ದಯವಿಟ್ಟು ನಿಧಾನವಾಗಿ ಓದಿ.

ಮಿಲಿಟರಿ ಸರ್‌ಪ್ಲಸ್ ಬಂದೂಕು ಅಂದರೆ ಯಾವುದು?

ಸೈನ್ಯ ಒಂದು ಕಾಲದಲ್ಲಿ ಬಳಸಿ, ಹೊಸ ಮಾದರಿ ಬಂದ ಮೇಲೆ ಬೇಡವೆಂದು ಪಕ್ಕಕ್ಕಿಟ್ಟ ಬಂದೂಕು. ಒಂದು ದೇಶ ತನ್ನ ರೈಫಲ್ ಬದಲಿಸಿದರೆ ಲಕ್ಷಗಟ್ಟಲೆ ಹಳೆಯವು ಉಗ್ರಾಣದಲ್ಲಿ ಉಳಿಯುತ್ತವೆ. ಗ್ರೀಸ್ ಮೆತ್ತಿ ಮರದ ಪೆಟ್ಟಿಗೆಗೆ ತುಂಬುತ್ತಾರೆ. ಆಮೇಲೆ ಸರ್ಕಾರದ ಮುಂದೆ ಇರುವುದು ನಾಲ್ಕು ದಾರಿ. ಇಟ್ಟುಕೊಳ್ಳಬಹುದು, ಮಿತ್ರದೇಶಕ್ಕೆ ಕೊಡಬಹುದು, ಕರಗಿಸಬಹುದು, ಇಲ್ಲವೇ ವ್ಯಾಪಾರಿಗೆ ಮಾರಬಹುದು. ಸಂಗ್ರಹಕಾರರ ಕೈಗೆ ಬರುವುದು ಬಹುತೇಕ ಈ ಕೊನೆಯ ದಾರಿಯಲ್ಲಿ.

ಬಂದೂಕು ಹಳೆಯದಾದಷ್ಟೂ ಬೆಲೆ ಜಾಸ್ತಿ ಅಲ್ವಾ? ಅದರಲ್ಲಿ ರಾಜಕೀಯ ಎಲ್ಲಿಂದ ಬಂತು?

ವಯಸ್ಸಿಗೂ ಬೆಲೆಗೂ ಅಷ್ಟು ನೇರ ಸಂಬಂಧ ಇಲ್ಲ. ಎರಡು ರೈಫಲ್ ಒಂದೇ ವರ್ಷದಲ್ಲಿ ತಯಾರಾಗಿರುತ್ತವೆ. ಒಂದು ನೂರು ಡಾಲರ್, ಇನ್ನೊಂದು ಸಾವಿರ ಡಾಲರ್ ಆಗಿರುತ್ತದೆ. ಈ ವ್ಯತ್ಯಾಸ ಹುಟ್ಟುವುದು ಎಷ್ಟು ರೈಫಲ್ ಗಡಿ ದಾಟಿ ಮಾರುಕಟ್ಟೆಗೆ ಬಂದವು ಎಂಬುದರಿಂದ. ಗಡಿ ದಾಟಲು ಎರಡು ಸಹಿ ಬೇಕು. ಮಾರುವ ದೇಶದ ಸರ್ಕಾರದ ಸಹಿ ಒಂದು, ಕೊಳ್ಳುವ ದೇಶದ ಸರ್ಕಾರದ ಸಹಿ ಇನ್ನೊಂದು. ಯಾವುದಾದರೂ ಒಂದು ನಿಂತರೆ ಮಾಲು ನಿಂತಿತು.

ನಮ್ಮ ಕಡೆಯವರಿಗೆ ಇದು ಅಡಿಕೆಯಿಂದ ಚೆನ್ನಾಗಿ ಗೊತ್ತು. ಹೊರಗಿನ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಭೂತಾನಿನಿಂದ ಹಸಿ ಅಡಿಕೆ ಬರುತ್ತದೆ ಎಂಬ ಸುದ್ದಿಗೆ ಭೀಮಸಮುದ್ರದಲ್ಲೂ ಚನ್ನಗಿರಿಯಲ್ಲೂ ಬೆಳೆಗಾರರು ಚಿಂತೆಗೆ ಬಿದ್ದಿದ್ದರು. ತೋಟದಲ್ಲಿ ಮರ ಅದೇ, ಕಾಯಿ ಅದೇ. ದರ ಅಲುಗಾಡಿಸಿದ್ದು ದೆಹಲಿಯ ಆದೇಶ. ಹಳೇ ಬಂದೂಕಿನದೂ ಹೀಗೆಯೇ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅಡಿಕೆಯನ್ನು ಮುಂದಿನ ವರ್ಷ ಮತ್ತೆ ಬೆಳೆಯಬಹುದು. 1943ರಲ್ಲಿ ತಯಾರಾದ ರೈಫಲನ್ನು ಇನ್ನು ಯಾರೂ ತಯಾರಿಸಲಾರರು.

ಎಲ್ಲ ಮಾತೂ ಅಮೆರಿಕಕ್ಕೇ ಬಂದು ನಿಲ್ಲುತ್ತದಲ್ಲ, ಯಾಕೆ?

ಜನಸಾಮಾನ್ಯರು ಹಳೇ ಸೈನಿಕ ರೈಫಲನ್ನು ಕಾನೂನಿನ ಪ್ರಕಾರ ಕೊಳ್ಳಬಹುದಾದ ದೊಡ್ಡ ಮಾರುಕಟ್ಟೆ ಅದೊಂದೇ. ಕೆನಡಾ, ಸ್ವಿಟ್ಜರ್‌ಲೆಂಡ್ ಮತ್ತು ಯೂರೋಪಿನ ಇನ್ನೂ ಕೆಲವು ದೇಶಗಳಲ್ಲಿ ಸಂಗ್ರಹಕಾರರು ಇದ್ದಾರೆ. ಆದರೆ ಬೆಲೆ ನಿರ್ಧಾರ ಆಗುವುದು ಅಮೆರಿಕದಲ್ಲಿ. ಅಲ್ಲಿನ ಆಮದು ಕಾನೂನು ಬದಲಾದರೆ ಉಳಿದ ಕಡೆಯೂ ಬಿಸಿ ತಟ್ಟುತ್ತದೆ.

ಈ ಮಾರುಕಟ್ಟೆ ಬೆಳೆದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡನೇ ಮಹಾಯುದ್ಧ ಮುಗಿದಾಗ ಯೂರೋಪಿನ ತುಂಬ ಬೋಲ್ಟ್ ಎಳೆದು ಹೊಡೆಯುವ ರೈಫಲ್‌ಗಳ ರಾಶಿ ಬಿದ್ದಿತ್ತು. 1954ರಲ್ಲಿ ನೇಟೊ ದೇಶಗಳು ಎಲ್ಲರಿಗೂ ಒಂದೇ ಅಳತೆಯ 7.62 ಗುಂಡು ಎಂದು ಒಪ್ಪಿದವು. ಹಳೆಯ ರೈಫಲ್‌ಗಳಿಗೆ ಸೈನ್ಯದಲ್ಲಿ ಕೆಲಸ ಇಲ್ಲದಾಯಿತು. ಸ್ಯಾಮ್ಯುಯೆಲ್ ಕಮ್ಮಿಂಗ್ಸ್ ಎಂಬ ವ್ಯಾಪಾರಿ 1953ರಲ್ಲಿ ಇಂಟರಾರ್ಮ್‌ಕೊ ಎಂಬ ಕಂಪನಿ ಶುರು ಮಾಡಿ, ದೇಶದೇಶಗಳ ಉಗ್ರಾಣ ಖಾಲಿ ಮಾಡಿಸಿ ಹಡಗಿನಲ್ಲಿ ಅಮೆರಿಕಕ್ಕೆ ತಂದ. ಆಗ ಅವು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು.

ಅಲ್ಲಿನ ಬಂದೂಕು ಕಾರ್ಖಾನೆಗಳಿಗೆ ಇದು ಹಿಡಿಸಲಿಲ್ಲ. ಅವುಗಳಲ್ಲಿ ಹಲವು ಇದ್ದದ್ದು ಮ್ಯಾಸಚೂಸೆಟ್ಸ್ ಮತ್ತು ಅದರ ಸುತ್ತಿನ ರಾಜ್ಯಗಳಲ್ಲಿ. ಹಳೇ ಮಿಲಿಟರಿ ಬಂದೂಕಿನ ಆಮದು ನಿಲ್ಲಿಸಬೇಕು ಎಂದು ಆ ರಾಜ್ಯದ ಸೆನೆಟರ್ 1958ರಲ್ಲಿ ಮಸೂದೆ ತಂದರು. ಆ ಸೆನೆಟರ್ ಜಾನ್ ಎಫ್. ಕೆನಡಿ. 1963ರ ನವೆಂಬರಿನಲ್ಲಿ ಅವರನ್ನು ಕೊಂದದ್ದು ಇಟಲಿ ಸೈನ್ಯದ ಹಳೇ ಕಾರ್ಕಾನೊ ರೈಫಲ್. ಹಂತಕ ಅದನ್ನು ದುರ್ಬೀನು ಸಮೇತ 20 ಡಾಲರಿಗಿಂತ ಕಡಿಮೆ ಬೆಲೆಗೆ ಅಂಚೆಯಲ್ಲಿ ತರಿಸಿದ್ದ. 1968ರಲ್ಲಿ ಬಂದೂಕು ನಿಯಂತ್ರಣ ಕಾಯ್ದೆ ಬಂತು. ಅಂಚೆ ಮಾರಾಟ ನಿಂತಿತು. ಮಿಲಿಟರಿ ಸರ್‌ಪ್ಲಸ್ ಆಮದೂ ನಿಂತಿತು.

1984ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಆಗಿ, ಐವತ್ತು ವರ್ಷ ದಾಟಿದ, ಸಂಗ್ರಹಯೋಗ್ಯ ಎಂದು ಪರಿಗಣಿಸುವ ಬಂದೂಕುಗಳಿಗೆ ಬಾಗಿಲು ಮತ್ತೆ ತೆರೆಯಿತು. ಈ ಆಮದಿನ ಮಾಲಿಗೆ ತಂದವರ ಹೆಸರನ್ನು ಲೋಹದ ಮೇಲೆ ಕೊರೆಯಲೇಬೇಕು. ಅದನ್ನು ಆಮದು ಗುರುತು ಎನ್ನುತ್ತಾರೆ. ಈ ಗುರುತು ಇಲ್ಲದ ರೈಫಲ್, ಅಂದರೆ 1968ಕ್ಕೆ ಮೊದಲೇ ಬಂದದ್ದು ಅಥವಾ ಸೈನಿಕ ಯುದ್ಧದಿಂದ ಹೊತ್ತು ತಂದದ್ದು, ಇವತ್ತಿಗೂ ಜಾಸ್ತಿ ಬೆಲೆಗೆ ಹೋಗುತ್ತದೆ.

ರಷ್ಯಾದ ಮೊಸಿನ್ ನಾಗಾಂಟ್ ರೈಫಲ್ ಒಂದು ಕಾಲಕ್ಕೆ ಕಸದ ಬೆಲೆ ಇತ್ತಂತೆ. ಈಗ ಯಾಕೆ ಅಷ್ಟು?

ರಾಜಕೀಯ ಹೇಗೆ ಬೆಲೆ ಕಟ್ಟುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. 1891ರಲ್ಲಿ ರಷ್ಯಾದ ಝಾರ್ ಕಾಲದಲ್ಲಿ ಬಂದ ಮಾದರಿ ಅದು. ಕ್ರಾಂತಿ ಆಯಿತು, ಝಾರ್ ಹೋದ, ರೈಫಲ್ ಉಳಿಯಿತು. 1930ರಲ್ಲಿ ಸ್ವಲ್ಪ ಬದಲಿಸಿ ಸೋವಿಯತ್ ಸೈನ್ಯ ಮುಂದುವರಿಸಿತು. ಎಲ್ಲ ಮಾದರಿಯೂ ಸೇರಿ ತಯಾರಾದದ್ದು 3 ಕೋಟಿಗೂ ಹೆಚ್ಚು. ಯುದ್ಧ ಮುಗಿದ ಮೇಲೆ ದುರಸ್ತಿ ಮಾಡಿ, ಗ್ರೀಸ್ ಹಚ್ಚಿ, ಮುಂದಿನ ಮಹಾಯುದ್ಧಕ್ಕೆಂದು ಉಗ್ರಾಣಗಳಲ್ಲಿ ತುಂಬಿಟ್ಟರು. ಆ ಯುದ್ಧ ಬರಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆಯಿತು. ಹೊಸ ದೇಶಗಳಿಗೆ ಡಾಲರ್ ಬೇಕಿತ್ತು, ಉಗ್ರಾಣದ ಕಾವಲಿನ ಖರ್ಚು ಬೇಡವಾಗಿತ್ತು. ರಷ್ಯಾ, ಉಕ್ರೇನ್‌ಗಳಿಂದ ಹಡಗುಗಟ್ಟಲೆ ಮಾಲು ಹೊರಟಿತು. ಹಾಗಾಗಿ 2000ದ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಅಂಗಡಿಯಲ್ಲಿ ಒಂದು ಮೊಸಿನ್ 100 ಡಾಲರಿಗೂ ಕಡಿಮೆಗೆ ಸಿಗುತ್ತಿತ್ತು.

ಆದರೆ ಈ ನಡುವೆಯೇ ಬಾಗಿಲು ಒಂದೊಂದಾಗಿ ಮುಚ್ಚಲು ಶುರುವಾಗಿತ್ತು. ಮೊದಲನೆಯದು ಅಮೆರಿಕ ಮತ್ತು ರಷ್ಯಾ ನಡುವಿನ 1996ರ ಒಪ್ಪಂದ. ರಷ್ಯಾ ಯಾವ ಯಾವ ಮಾದರಿ ಕಳಿಸಬಹುದು ಎಂಬ ಪಟ್ಟಿ ಅದರಲ್ಲಿತ್ತು. ಮೊಸಿನ್ ಅದರೊಳಗೆ ಪಾರಾಯಿತು. 2014ರಲ್ಲಿ ರಷ್ಯಾ ಕ್ರಿಮಿಯಾ ತೆಗೆದುಕೊಂಡಿತು. ಆ ವರ್ಷದ ಜುಲೈಯಲ್ಲಿ ರಷ್ಯಾದ ಬಂದೂಕು ತಯಾರಕ ಕಲಾಶ್ನಿಕೋವ್ ಕಂಪನಿಯ ಮೇಲೆ ಅಮೆರಿಕ ನಿರ್ಬಂಧ ಹಾಕಿತು. 2020ರಲ್ಲಿ ರಷ್ಯಾದ ವಿರೋಧ ಪಕ್ಷದ ನಾಯಕ ಅಲೆಕ್ಸಿ ನವಾಲ್ನಿಗೆ ವಿಷಪ್ರಯೋಗ ಆಯಿತು. ಅದಕ್ಕೆ ಉತ್ತರವಾಗಿ 2021ರ ಸೆಪ್ಟೆಂಬರ್ 7ರಿಂದ ರಷ್ಯಾದ ಬಂದೂಕು ಮತ್ತು ಗುಂಡುಗಳಿಗೆ ಹೊಸ ಆಮದು ಪರವಾನಗಿ ಕೊಡುವುದನ್ನು ಅಮೆರಿಕ ನಿಲ್ಲಿಸಿತು. ಮೊದಲೇ ಪರವಾನಗಿ ಪಡೆದಿದ್ದವರು ಅದರ ಅವಧಿ ಮುಗಿಯುವವರೆಗೆ ಮಾತ್ರ ತರಿಸಬಹುದಿತ್ತು.

ಯೋಚನೆ ಮಾಡಿ. ಒಬ್ಬ ರಾಜಕಾರಣಿಯ ಮೇಲೆ ನಡೆದ ವಿಷಪ್ರಯೋಗಕ್ಕೂ ಸ್ಟಾಲಿನ್‌ಗ್ರಾಡ್ ಕಾಲದ ರೈಫಲ್ಲಿಗೂ ನೇರ ನಂಟು ಏನಿದೆ? ಏನೂ ಇಲ್ಲ. ಆದರೂ ಬೆಲೆ ಹಲವು ಪಟ್ಟು ಏರಿದ್ದರ ಹಿಂದೆ ಇಂಥ ಆದೇಶಗಳೇ ಇವೆ. ಉಗ್ರಾಣಗಳು ಬರಿದಾಗುತ್ತಾ ಬಂದದ್ದೂ ಅದಕ್ಕೆ ಸೇರಿಕೊಂಡಿತು.

ಇನ್ನೊಂದು ಮಾತು. ಇಂಥ ಆದೇಶದಲ್ಲಿ ಜನ ಬಂದೂಕನ್ನೇ ನೋಡುತ್ತಾರೆ, ಗುಂಡನ್ನು ಮರೆಯುತ್ತಾರೆ. ಹಳೇ ರೈಫಲ್ ಅಗ್ಗ ಅನಿಸಿದ್ದೇ ಅದರ ಹಳೇ ಗುಂಡು ಡಬ್ಬಗಟ್ಟಲೆ ಅಗ್ಗವಾಗಿ ಸಿಗುತ್ತಿದ್ದ ಕಾರಣಕ್ಕೆ. ಗುಂಡು ದುಬಾರಿಯಾದಾಗ ಹೊಡೆಯುವವರು ದೂರ ಸರಿಯುತ್ತಾರೆ. ಗೋಡೆಗೆ ತೂಗುಹಾಕುವ ಸಂಗ್ರಹಕಾರರು ಉಳಿಯುತ್ತಾರೆ. ಮಾರುಕಟ್ಟೆಯ ಸ್ವಭಾವವೇ ಬದಲಾಗುತ್ತದೆ.

ಈಗ ಉಕ್ರೇನಿನಲ್ಲಿ ಯುದ್ಧ ನಡೆದಿದೆ. ಮುಗಿದ ಮೇಲೆ ಮಾರುಕಟ್ಟೆಗೆ ಮಾಲು ಜಾಸ್ತಿ ಬರುತ್ತದಾ?

ಹುಡುಗರು ಇದನ್ನು ತುಂಬಾ ಉತ್ಸಾಹದಿಂದ ಕೇಳುತ್ತಾರೆ. ಅಲ್ಲಿ ಜನ ಸಾಯುತ್ತಿದ್ದಾರೆ, ಅದನ್ನು ಮೊದಲು ನೆನಪಿಡಿ.

ಮಾರುಕಟ್ಟೆಯ ಲೆಕ್ಕದಲ್ಲೂ ಯುದ್ಧ ಹಳೇ ಬಂದೂಕನ್ನು ಹೊರಗೆ ಬಿಡುವುದಿಲ್ಲ, ಒಳಗೆ ಎಳೆದುಕೊಳ್ಳುತ್ತದೆ. 2022ರಲ್ಲಿ ರಷ್ಯಾ ಪರವಾದ ದೊನೆತ್ಸ್ಕ್ ಕಡೆಯ ಮೀಸಲು ಸೈನಿಕರ ಕೈಯಲ್ಲಿ ಮೊಸಿನ್ ರೈಫಲ್‌ಗಳು ಕಂಡವು. ಉಕ್ರೇನ್ ಕಡೆಯವರು 1910ರ ಮಾದರಿಯ ಮ್ಯಾಕ್ಸಿಂ ಮಷಿನ್‌ಗನ್ ಹೂಡಿದರು. ಹೆಚ್ಚುವರಿ ಎಂದು ಪಟ್ಟಿಯಲ್ಲಿದ್ದದ್ದು ಒಂದೇ ದಿನಕ್ಕೆ ಹೆಚ್ಚುವರಿ ಅಲ್ಲ ಎಂದಾಗುತ್ತದೆ. ಸುತ್ತಲ ದೇಶಗಳೂ ತಮ್ಮ ಉಗ್ರಾಣಕ್ಕೆ ಇನ್ನೊಂದು ಬೀಗ ಹಾಕುತ್ತವೆ. ಯುದ್ಧ ನಿಂತ ಮೇಲೆ ಹೊರಬರುವುದು ಕೂಡ ಹೆಚ್ಚಾಗಿ ಕಳ್ಳಮಾಲು. 1997ರಲ್ಲಿ ಅಲ್ಬೇನಿಯಾದಲ್ಲಿ ಸರ್ಕಾರ ಕುಸಿದು ಶಸ್ತ್ರಾಗಾರಗಳು ಲೂಟಿಯಾದಾಗ ಲಕ್ಷಗಟ್ಟಲೆ ಬಂದೂಕು ಜನರ ಪಾಲಾದವು. ಅವು ಸಂಗ್ರಹಕಾರರ ಕಪಾಟಿಗೆ ಹೋಗಲಿಲ್ಲ, ಇನ್ನೊಂದು ಜಗಳಕ್ಕೆ ಹೋದವು.

ಚೀನಾದ ಮಾಲು?

1994ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಚೀನಾಕ್ಕೆ ವ್ಯಾಪಾರದ ರಿಯಾಯಿತಿ ಮುಂದುವರಿಸಿದರು. ಜೊತೆಯಲ್ಲೇ ಚೀನಾದ ಬಂದೂಕು ಮತ್ತು ಗುಂಡಿನ ಆಮದು ನಿಷೇಧಿಸಿದರು. ಅಲ್ಲಿಯವರೆಗೆ ಚೀನಾದಲ್ಲಿ ತಯಾರಾದ ಎಸ್‌ಕೆಎಸ್ ಎಂಬ ರೈಫಲ್ ಅತಿ ಅಗ್ಗ. ಆ ನಿಷೇಧ ತೆಗೆದಿಲ್ಲ, ಬೆಲೆ ಇಳಿದಿಲ್ಲ.

ಅಮೆರಿಕ ತನ್ನದೇ ಬಂದೂಕು ವಾಪಸ್ ಬೇಡ ಅಂದಿತ್ತಂತೆ, ನಿಜವಾ?

ನಿಜ. ಎಂ1 ಗರಾಂಡ್ ಎರಡನೇ ಮಹಾಯುದ್ಧದ ಅಮೆರಿಕನ್ ರೈಫಲ್. ಶೀತಲಸಮರದ ಕಾಲದಲ್ಲಿ ಕಮ್ಯುನಿಸ್ಟರ ವಿರುದ್ಧ ನಿಲ್ಲಲಿ ಎಂದು ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್, ಟರ್ಕಿ, ಗ್ರೀಸ್ ಹೀಗೆ ಹಲವು ದೇಶಕ್ಕೆ ಅಮೆರಿಕ ಇವನ್ನು ಕೊಟ್ಟಿತ್ತು. ದಕ್ಷಿಣ ಕೊರಿಯಾ 80 ಸಾವಿರಕ್ಕೂ ಹೆಚ್ಚು ಗರಾಂಡ್‌ಗಳನ್ನು ಅಮೆರಿಕದ ಸಂಗ್ರಹಕಾರರಿಗೆ ಮಾರಲು ಹೊರಟಿತು. 2010ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ತಡೆಯಿತು. ತಪ್ಪು ಕೈಗೆ ಹೋದೀತು ಎಂಬುದು ಕಾರಣ. 2013ರ ಆಗಸ್ಟಿನಲ್ಲಿ ಒಬಾಮಾ ಸರ್ಕಾರ ಇದನ್ನೇ ನೀತಿಯಾಗಿ ಮಾಡಿತು. ಮ್ಯೂಸಿಯಂ ಬಿಟ್ಟರೆ ಖಾಸಗಿಯವರು ಇಂಥ ಬಂದೂಕನ್ನು ಮರಳಿ ತರಿಸುವಂತಿಲ್ಲ ಎಂದಿತು.

ಆದರೆ ಸರ್ಕಾರದಿಂದ ಸರ್ಕಾರಕ್ಕೆ ಮರಳುವ ದಾರಿ ಬೇರೆ. 2018ರ ಹೊತ್ತಿಗೆ ಫಿಲಿಪ್ಪೀನ್ಸ್‌ನಿಂದ ಹತ್ತಾರು ಸಾವಿರ ಗರಾಂಡ್‌ಗಳು ಅಮೆರಿಕದ ಸೈನ್ಯದ ಮೂಲಕ ವಾಪಸ್ ಬಂದವು. ನಾಗರಿಕರಿಗೆ ಗುರಿ ಹೊಡೆಯುವುದನ್ನು ಕಲಿಸುವ ಸಿಎಂಪಿ ಎಂಬ ಸಂಸ್ಥೆ ಅವನ್ನು ಶುಚಿ ಮಾಡಿ, ದರ್ಜೆ ಹಚ್ಚಿ ಮಾರಿತು. ಒಂದೇ ಬಂದೂಕು, ಎರಡು ದಾರಿ. ಒಂದಕ್ಕೆ ಬೀಗ, ಇನ್ನೊಂದಕ್ಕೆ ಹಾಸುಗಂಬಳಿ. ಆದ್ದರಿಂದ ಎಷ್ಟು ಮಾಲು ಇದೆ ಎಂದು ಕೇಳುವ ಮೊದಲು ಅದು ಯಾರ ಸ್ವತ್ತು, ಯಾವ ದಾರಿಯಲ್ಲಿ ಬರುತ್ತದೆ ಎಂದು ಕೇಳಬೇಕು.

ಯೂರೋಪಿನವರು ಯಾಕೆ ಕರಗಿಸುತ್ತಾರೆ? ಮಾರಿದರೆ ದುಡ್ಡು ಬರುತ್ತಿತ್ತಲ್ಲ?

2000ನೇ ಇಸವಿಯಲ್ಲಿ ಯೂರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆ ಸಣ್ಣ ಶಸ್ತ್ರಗಳ ಬಗ್ಗೆ ಒಂದು ದಸ್ತಾವೇಜು ಒಪ್ಪಿತು. ಹೆಚ್ಚುವರಿ ಬಂದೂಕನ್ನು ಆದಷ್ಟು ನಾಶ ಮಾಡಿ ಎಂಬುದು ಅದರ ಸಲಹೆ. ಯುಗೊಸ್ಲಾವಿಯಾ ಒಡೆದು ನಡೆದ ರಕ್ತಪಾತ, ಆಫ್ರಿಕಾದ ಒಳಯುದ್ಧಗಳು ಅವರ ಕಣ್ಣ ಮುಂದೆ ಇದ್ದವು. ಒಂದು ರೈಫಲ್ ಐವತ್ತು ವರ್ಷ ಕೊಲ್ಲುತ್ತಲೇ ಇರಬಲ್ಲದು ಎಂದು ಅವರು ನೋಡಿದ್ದರು. ಉಕ್ರೇನಿನಲ್ಲಿ ಕೂಡ ನೇಟೊ ಹಣದಿಂದ 2006ರ ನಂತರ ದೊಡ್ಡ ಪ್ರಮಾಣದಲ್ಲಿ ನಾಶ ನಡೆಯಿತು.

ನನ್ನ ಅಭಿಪ್ರಾಯ ಹೇಳುತ್ತೇನೆ. ಬಂಡುಕೋರರ ಕೈಗೆ ಹೋಗುವುದಕ್ಕಿಂತ ಕುಲುಮೆಗೆ ಹೋಗುವುದು ಸಾವಿರ ಪಾಲು ಮೇಲು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕರಗಿಸುವ ಮೊದಲು ಪ್ರತಿ ಮಾದರಿಯಲ್ಲಿ, ಪ್ರತಿ ಕಾರ್ಖಾನೆಯದ್ದು ಕೆಲವನ್ನಾದರೂ ಮ್ಯೂಸಿಯಮ್ಮಿಗೆ ತೆಗೆದಿಡಬೇಕು. ಮೇಲಿನ ಮುದ್ರೆಗಳನ್ನು ಫೋಟೊ ತೆಗೆದು ದಾಖಲಿಸಬೇಕು. ಅದಕ್ಕೆ ಆಗುವ ಖರ್ಚು ತುಂಬಾ ಕಡಿಮೆ.

ಇನ್ನೊಂದು ದಾರಿ ನಿಷ್ಕ್ರಿಯಗೊಳಿಸುವುದು. ನಳಿಗೆ ಮುಚ್ಚಿ, ಒಳಭಾಗ ಕತ್ತರಿಸಿ, ಬರೀ ನೋಡಲು ಉಳಿಸುವುದು. ಈ ಮಾರುಕಟ್ಟೆಗೂ ರಾಜಕೀಯ ಹೊಡೆತ ಕೊಟ್ಟಿತು. 2015ರಲ್ಲಿ ಪ್ಯಾರಿಸ್ಸಿನ ಉಗ್ರರ ದಾಳಿಯಲ್ಲಿ, ಬರೀ ಸದ್ದು ಮಾಡುವ ಹಾಗೆ ಬದಲಿಸಿ ಮಾರಿದ್ದ ಬಂದೂಕುಗಳನ್ನು ಮತ್ತೆ ಜೀವಂತ ಮಾಡಿ ಬಳಸಿದ್ದು ತಿಳಿಯಿತು. ಆ ವರ್ಷವೇ ಯೂರೋಪ್ ಒಕ್ಕೂಟ ಕಟ್ಟುನಿಟ್ಟಿನ ಒಂದೇ ನಿಯಮ ಮಾಡಿತು. 2016ರ ಏಪ್ರಿಲಿನಿಂದ ಅದು ಜಾರಿಗೆ ಬಂತು. ಹಳೇ ವಿಧಾನದಲ್ಲಿ ನಿಷ್ಕ್ರಿಯ ಮಾಡಿದ ಸಂಗ್ರಹ ಇದ್ದವರು ಅದನ್ನು ಹೊಸ ನಿಯಮಕ್ಕೆ ತರದೆ ಮಾರುವುದು ಕಷ್ಟವಾಯಿತು.

ವಿಶ್ವಸಂಸ್ಥೆಯ ಶಸ್ತ್ರ ವ್ಯಾಪಾರ ಒಪ್ಪಂದ?

2013ರಲ್ಲಿ ಒಪ್ಪಿಗೆ ಆಯಿತು, 2014ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಭಾರತ ಮತದಾನದಲ್ಲಿ ತಟಸ್ಥವಾಗಿ ಉಳಿಯಿತು. ಅಮೆರಿಕ ಸಹಿ ಹಾಕಿತ್ತು, 2019ರಲ್ಲಿ ಟ್ರಂಪ್ ಹಿಂದೆ ಸರಿಯುವುದಾಗಿ ಹೇಳಿದರು. ಸಂಗ್ರಹಕಾರರ ಮಾರುಕಟ್ಟೆಯ ಮೇಲೆ ಇದಕ್ಕಿಂತ ಒಂದೊಂದು ದೇಶದ ಸ್ವಂತ ಆದೇಶಗಳೇ ಜಾಸ್ತಿ ಪರಿಣಾಮ ಮಾಡಿವೆ.

ನೇಪಾಳದ ಅರಮನೆಯಿಂದ ಹಳೇ ಬಂದೂಕು ಹೋದ ಕಥೆ ಏನು?

ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೇ ಅರಮನೆ ಕಟ್ಟಡದಲ್ಲಿ ನೂರೈವತ್ತು ವರ್ಷಗಳ ಶಸ್ತ್ರರಾಶಿ ಇತ್ತು. ಈಸ್ಟ್ ಇಂಡಿಯಾ ಕಂಪನಿ ಕಾಲದ ಬ್ರೌನ್ ಬೆಸ್, ಆಮೇಲಿನ ಮಾರ್ಟಿನಿ ಹೆನ್ರಿ, ನೇಪಾಳದವರೇ ತಯಾರಿಸಿದ ಗಹೇಂದ್ರ ರೈಫಲ್, ಎಲ್ಲ ಧೂಳು ಹಿಡಿದು ಕೂತಿದ್ದವು. 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಅದನ್ನು ಒಟ್ಟಿಗೆ ಕೊಂಡರು. ಮಾವೋವಾದಿಗಳ ದಂಗೆ ನಡೆಯುತ್ತಿದ್ದ ಕಾಲ ಅದು. ಐದು ವರ್ಷಕ್ಕೆ ರಾಜಪ್ರಭುತ್ವವೇ ಹೋಯಿತು.

ಅಮೆರಿಕದ ಕಾನೂನು ಇಲ್ಲಿ ನೆರವಾಯಿತು. 1898ರಲ್ಲಿ ಅಥವಾ ಅದಕ್ಕೆ ಮೊದಲು ತಯಾರಾದದ್ದು ಅಲ್ಲಿ ಪುರಾತನ ವಸ್ತು. ಬಂದೂಕಿನ ನಿಯಮ ಅದಕ್ಕೆ ತಾಗುವುದಿಲ್ಲ. ಅಲ್ಲಿಯವರೆಗೆ ತುಂಬಾ ಅಪರೂಪ ಅನಿಸಿದ್ದ ಮಾದರಿಗಳು ಒಂದೇ ಸಲಕ್ಕೆ ಸಾವಿರಗಟ್ಟಲೆ ಬಂದವು. ಅಪರೂಪ ಎಂದು ದುಬಾರಿಗೆ ಕೊಂಡಿದ್ದವರ ವಸ್ತುವಿನ ಬೆಲೆ ಇಳಿಯಿತು. ಬಾಗಿಲು ಮುಚ್ಚಿದಾಗ ಏರುವ ಹಾಗೆ, ತೆರೆದಾಗ ಇಳಿಯುವುದೂ ಉಂಟು.

ಇದರಲ್ಲಿ ಭಾರತದ ಪಾಲು ಏನು? ನಮ್ಮ .303 ಕೂಡ ಹೊರಗೆ ಹೋಗಿದೆಯಾ?

ಹೋಗಿದೆ. ನನಗೆ ಮನಸ್ಸಿಗೆ ಹತ್ತಿರವಾದ ಪ್ರಶ್ನೆ ಇದು.

ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ 1904ರಿಂದ ಇದೆ. ಬ್ರಿಟಿಷರ ಲೀ ಎನ್‌ಫೀಲ್ಡ್ ರೈಫಲ್, ಅಂದರೆ ನಾವು .303 ಎನ್ನುವುದು, ಅಲ್ಲಿ ತಯಾರಾಗುತ್ತಿತ್ತು. ಮೊದಲು ಕಿರೀಟದ ಮುದ್ರೆ ಇರುತ್ತಿತ್ತು, ಸ್ವಾತಂತ್ರ್ಯದ ನಂತರ ಅಶೋಕ ಸ್ತಂಭದ ಸಿಂಹಗಳು ಬಂದವು. 1962ರಲ್ಲಿ ಚೀನಾ ಗಡಿಯಲ್ಲಿ ನಮ್ಮ ಸೈನಿಕರಲ್ಲಿ ಬಹುಪಾಲು ಜನರ ಕೈಯಲ್ಲಿದ್ದದ್ದು ಇದೇ .303. ಆ ಸೋಲಿನ ನಂತರ ಸ್ವಯಂಚಾಲಿತ ರೈಫಲ್ ಬೇಕೆಂಬ ಒತ್ತಡ ಬಂತು. ಅವು ಎಲ್ಲರಿಗೂ ಸಾಲುವಷ್ಟು ತಯಾರಾಗುವವರೆಗೆ, ಅದೇ ಹಳೇ ಎನ್‌ಫೀಲ್ಡ್ ವಿನ್ಯಾಸವನ್ನು ಗಟ್ಟಿ ಉಕ್ಕಿನಲ್ಲಿ ಮಾಡಿ 7.62 ನೇಟೊ ಗುಂಡಿಗೆ ಹೊಂದಿಸಿದರು. ಅದು ಇಶಾಪುರ 2ಎ, ನಂತರ 2ಎ1. 1960ರ ದಶಕದಲ್ಲಿ ಶುರುವಾಗಿ 1970ರ ದಶಕದವರೆಗೆ ತಯಾರಾಯಿತು. ಸೈನ್ಯದ ಸಾಮಾನ್ಯ ಬಳಕೆಗೆಂದು ವಿನ್ಯಾಸವಾದ ಜಗತ್ತಿನ ಕೊನೆಯ ಬೋಲ್ಟ್ ರೈಫಲ್‌ಗಳಲ್ಲಿ ಅದೂ ಒಂದು. ಒಂದು ಗಡಿ ಯುದ್ಧದ ನೋವು ಆ ಲೋಹದಲ್ಲಿ ಇದೆ.

ಹೆಚ್ಚುವರಿಯಾದ ಇಶಾಪುರ ರೈಫಲ್‌ಗಳು ಮುಂದೆ ಅಮೆರಿಕದ ಮಾರುಕಟ್ಟೆಗೆ ಹೋದವು. ಒಂದು ಕಾಲಕ್ಕೆ ಅತಿ ಅಗ್ಗದ ಎನ್‌ಫೀಲ್ಡ್ ಎಂದೇ ಅವಕ್ಕೆ ಹೆಸರು. ಈಗ ಅಲ್ಲಿ ಅದನ್ನೇ ಹುಡುಕಿ ಸಂಗ್ರಹಿಸುವವರಿದ್ದಾರೆ. ಕಾವಲುಗಾರರಿಗೆಂದು .410 ತೋಟೆಗೆ ಬದಲಿಸಿದ ಒಂಟಿ ಹೊಡೆತದ ಮಸ್ಕೆಟ್, ಗ್ರೆನೇಡ್ ಎಸೆಯಲು ಮುಂಭಾಗಕ್ಕೆ ತಂತಿ ಸುತ್ತಿದ ರೈಫಲ್, ಒಂದೊಂದರ ಮುದ್ರೆಯನ್ನೂ ಅವರು ಓದಿ ಬರೆದಿಟ್ಟಿದ್ದಾರೆ. ನಮ್ಮ ಕಾರ್ಖಾನೆಯ ಇತಿಹಾಸ ನಮಗಿಂತ ಅವರಿಗೆ ಜಾಸ್ತಿ ಗೊತ್ತಿದೆ. ಇದು ನನಗೆ ಬೇಸರ ತರುವ ಮಾತು.

ಭಾರತದಲ್ಲಿ .303 ನಿಷೇಧಿತ ಬೋರ್, ಅಂದರೆ ನಿಷೇಧಿತ ನಳಿಗೆ ಅಳತೆ. ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ ಇದಕ್ಕೆ ವಿದಾಯ ಹೇಳಿದರು. ಇಂಥ ರೈಫಲ್‌ಗಳನ್ನು ಜನರಿಗೆ ಮಾರುವ ಪದ್ಧತಿ ನಮ್ಮಲ್ಲಿ ಇಲ್ಲ, ಇರುವುದೂ ಬೇಡ. ಆದರೆ ಪ್ರತಿ ಜಿಲ್ಲಾ ಮ್ಯೂಸಿಯಮ್ಮಿಗೆ ಒಂದನ್ನು ನಿಷ್ಕ್ರಿಯ ಮಾಡಿ ಕೊಡಬಹುದು. ಕೊಡಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ದಾವಣಗೆರೆಯಲ್ಲಿ ಕೂತು ಅಮೆರಿಕದಿಂದ ಒಂದು ಮೊಸಿನ್ ತರಿಸಬಹುದಾ ಸರ್?

ಆಗುವುದಿಲ್ಲ. ಬಿಡಿಭಾಗ ಬಿಡಿಬಿಡಿಯಾಗಿ ತರಿಸುತ್ತೇನೆ ಎಂಬ ಯೋಚನೆಯೂ ಬೇಡ. ನಿಷೇಧಿತ ಶಸ್ತ್ರ ಇಟ್ಟುಕೊಂಡರೆ ನಮ್ಮ ಶಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 7 ವರ್ಷ, ಹೆಚ್ಚೆಂದರೆ 14 ವರ್ಷ ಜೈಲು. ಮೊಬೈಲಿನಲ್ಲಿ ಹಳೇ ಮಿಲಿಟರಿ ಗನ್ ಕೊಡಿಸುತ್ತೇನೆ ಎಂದು ಯಾರಾದರೂ ಮೆಸೇಜ್ ಮಾಡಿದರೆ ಅದು ಮೋಸ, ಇಲ್ಲವೇ ಕಳ್ಳಮಾಲು. ಎರಡರಲ್ಲೂ ಸಿಕ್ಕಿಬೀಳುವುದು ನೀವೇ.

ಹಾಗಾದರೆ ನಮ್ಮ ಊರಿನ ಸಾಹುಕಾರರ ಇಂಗ್ಲೆಂಡ್ ಗನ್ನಿಗೆ ಲಕ್ಷಗಟ್ಟಲೆ ಬೆಲೆ ಹೇಗೆ?

ಅದು ಮಿಲಿಟರಿಯದ್ದಲ್ಲ, ಬೇಟೆಯ ತೋಟಾ ಬಂದೂಕು ಅಥವಾ ರಿವಾಲ್ವರ್. ಆದರೆ ಅದೇ ಪಾಠ ಇಲ್ಲೂ ಇದೆ. 1980ರ ದಶಕದ ಮಧ್ಯಭಾಗದಲ್ಲಿ, ಪಂಜಾಬ್ ಹೊತ್ತಿ ಉರಿಯುತ್ತಿದ್ದ ಕಾಲದಲ್ಲಿ, ನಮ್ಮ ಸರ್ಕಾರ ಜನಸಾಮಾನ್ಯರಿಗೆ ಬಂದೂಕಿನ ಆಮದು ನಿಲ್ಲಿಸಿತು. ಹೆಸರಾಂತ ಶೂಟಿಂಗ್ ಕ್ರೀಡಾಪಟುಗಳಿಗೆ ಮಾತ್ರ ವಿನಾಯಿತಿ ಇತ್ತು. ಅದಕ್ಕೆ ಮೊದಲು ಬಂದ, ವೆಬ್ಲಿ ಸ್ಕಾಟ್ ಎಂಬ ಇಂಗ್ಲೆಂಡ್ ಕಂಪನಿಯ ಗನ್‌ಗಳು ಲೈಸೆನ್ಸ್ ಇದ್ದವರಿಂದ ಲೈಸೆನ್ಸ್ ಇದ್ದವರಿಗೆ ಮಾತ್ರ ಕೈ ಬದಲಾಗುತ್ತವೆ. ಹೊಸ ಮಾಲು ಇಲ್ಲ, ಕೇಳುವವರು ಇದ್ದಾರೆ. ಇಂಗ್ಲೆಂಡಿನಲ್ಲಿ ಸಾಧಾರಣ ಬೆಲೆಯ ಗನ್ ಇಲ್ಲಿ ಲಕ್ಷಗಳಲ್ಲಿ ಹೋಗುತ್ತದೆ.

ಟಿಪ್ಪುವಿನ ಬಂದೂಕು ಲಂಡನ್ನಿನಲ್ಲಿ ಹರಾಜಾದಾಗ ನಮ್ಮ ಸರ್ಕಾರ ತರಬಾರದಿತ್ತೇ?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾದ ವಸ್ತುಗಳು ಇಂದಿಗೂ ಹರಾಜಿಗೆ ಬರುತ್ತಿವೆ. 2015ರಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಟಿಪ್ಪು ಕಾಲದ 30 ವಸ್ತುಗಳು 60 ಲಕ್ಷ ಪೌಂಡಿಗೂ ಹೆಚ್ಚು ತಂದವು. 2023ರ ಮೇಯಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಅದೇ ತಿಂಗಳು ಬ್ರಿಟನ್ ಸರ್ಕಾರ ಟಿಪ್ಪುವಿನ ಬೇಟೆಯ ಬಂದೂಕೊಂದನ್ನು ದೇಶದಿಂದ ಹೊರಗೆ ಒಯ್ಯದಂತೆ ತಾತ್ಕಾಲಿಕವಾಗಿ ತಡೆಯಿತು. 1793–94ರಲ್ಲಿ ಅಸದ್ ಖಾನ್ ಮಹಮ್ಮದ್ ಮಾಡಿದ ಅದರ ಬೆಲೆ 20 ಲಕ್ಷ ಪೌಂಡ್ ಎಂದು ಅಂದಾಜಿಸಿದ್ದರು. ನಮ್ಮ ನೆಲದಿಂದ ಹೋದದ್ದನ್ನು ತಮ್ಮ ದೇಶದ ಸ್ವತ್ತು ಎಂದು ಉಳಿಸಿಕೊಳ್ಳುತ್ತಾರೆ. ನೋವಾಗುತ್ತದೆ. ಲೂಟಿಯಾದದ್ದಕ್ಕೆ ತೆರಿಗೆ ದುಡ್ಡು ಸುರಿದು ಹರಾಜಿನಲ್ಲಿ ಕೊಳ್ಳಬೇಕು ಎಂದು ನಾನು ಹೇಳಲಾರೆ. ಅದನ್ನು ಸರ್ಕಾರಗಳು ಮೇಜಿನ ಎದುರು ಕೂತು ಕೇಳಬೇಕು.

ನಮ್ಮಲ್ಲಿ ಇರುವುದು ಹೊರಗೆ ಹೋಗದಂತೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಮಾರುವಂತಿಲ್ಲ.

ನಮ್ಮಜ್ಜನ ಬಂದೂಕು ಅಟ್ಟದ ಮೇಲೆ ಸಿಕ್ಕಿದೆ. ನೂರು ವರ್ಷದ್ದು ಅಂತಾರೆ. ಲೈಸೆನ್ಸ್ ಬೇಕಾ?

ವಿಡಿಯೊ ನೋಡಿ ತಪ್ಪು ತಿಳಿಯುವುದು ಇಲ್ಲೇ. ಅಮೆರಿಕದಲ್ಲಿ 1898 ಎಂಬ ಗೆರೆ ಇದೆ. ನಮ್ಮ 1959ರ ಶಸ್ತ್ರ ಕಾಯ್ದೆಯಲ್ಲಿ ಅಂಥ ಇಸವಿಯ ಗೆರೆ ಇಲ್ಲ. 45ನೇ ಕಲಮು ವಿನಾಯಿತಿ ಕೊಡುವುದು ಹಳೇ ಮಾದರಿಯ, ಪುರಾತನ ಬೆಲೆಯ ಅಥವಾ ಕೆಟ್ಟುಹೋದ, ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲು ಆಗದ ಶಸ್ತ್ರಕ್ಕೆ. ದುರಸ್ತಿ ಮಾಡಿದರೆ ಹೊಡೆಯುತ್ತದೆ ಎಂದಾದರೆ ಎಷ್ಟೇ ಹಳೆಯದಾದರೂ ಅದು ಬಂದೂಕೇ. ಅದನ್ನು ನೀವೇ ತೀರ್ಮಾನ ಮಾಡಿಕೊಳ್ಳಬೇಡಿ.

ಮಾಡಬೇಕಾದ್ದು ಇಷ್ಟು. ಕುದುರೆ (ಟ್ರಿಗರ್) ಎಳೆದು ನೋಡಬೇಡಿ, ಒಳಗೆ ಮದ್ದು ಇರಬಹುದು. ಅಜ್ಜನ ಹೆಸರಿನ ಲೈಸೆನ್ಸ್ ಪುಸ್ತಕ ಹುಡುಕಿ. ಪರಿಚಯದ ವಕೀಲರನ್ನು ಕರೆದುಕೊಂಡು ಠಾಣೆಗೆ ಹೋಗಿ ವಿಷಯ ತಿಳಿಸಿ. ಲೈಸೆನ್ಸ್ ಇಲ್ಲದೆ ಉಳಿದ ಬಂದೂಕನ್ನು ತಡಮಾಡದೆ ಠಾಣೆಗೆ ಅಥವಾ ಲೈಸೆನ್ಸ್ ಇರುವ ಡೀಲರ್‌ಗೆ ಒಪ್ಪಿಸಬೇಕು ಎಂದು ಕಾಯ್ದೆಯ 21ನೇ ಕಲಮು ಹೇಳುತ್ತದೆ. ಒಪ್ಪಿಸಿದ ರಸೀದಿ ಜೋಪಾನ ಮಾಡಿ. ಆಮೇಲೆ ವಾರಸುದಾರರಾಗಿ ಡಿಸಿ ಆಫೀಸಿಗೆ ಅರ್ಜಿ ಹಾಕಬಹುದು. ಅಜ್ಜ ಇನ್ನೂ ಇದ್ದಾರೆ, ಎಪ್ಪತ್ತು ವರ್ಷ ಆಗಿದೆ ಅಥವಾ ಇಪ್ಪತ್ತೈದು ವರ್ಷದಿಂದ ಬಂದೂಕು ಇಟ್ಟಿದ್ದಾರೆ ಅಂದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು 2016ರ ನಿಯಮಗಳಲ್ಲಿ ಅವಕಾಶ ಇದೆ. ಒಬ್ಬರಿಗೆ ಎರಡೇ ಬಂದೂಕು ಎಂಬ ಮಿತಿ 2019ರಲ್ಲಿ ಬಂತು. ಮೊದಲು ಮೂರು ಇತ್ತು. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಇದೇ ಮಿತಿ.

ಕೊಡಗಿನವರಿಗೆ ಬೇರೆ ನಿಯಮ ಇದೆಯಲ್ಲ ಎಂದು ಕೇಳುತ್ತಾರೆ. ಹೌದು, ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಅದು ನಮಗೆ ಅನ್ವಯಿಸುವುದಿಲ್ಲ.

ಕೋಟೆ ಹತ್ತಿರದ ಹೊಲದಲ್ಲಿ ಹಳೇ ಗುಂಡು ಸಿಕ್ಕಿತು. ಮಾರಬಹುದಾ?

ಮಾರಬೇಡಿ. 1779ರಲ್ಲಿ ಹೈದರಾಲಿ ದುರ್ಗ ಹಿಡಿಯುವವರೆಗೆ ಈ ನೆಲದಲ್ಲಿ ನಡೆದ ಕಾಳಗಗಳು ಒಂದೆರಡಲ್ಲ. ಉಳುವಾಗ ಏನಾದರೂ ಸಿಗುವುದು ಸಹಜ. ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಎಂಬ ಮಾಹಿತಿಗೇ ಜಾಸ್ತಿ ಬೆಲೆ. ನಿಧಿಗಳ್ಳರು ಅಗೆದು ಹಾಳು ಮಾಡಿದ ಜಾಗದಲ್ಲಿ ಆ ಮಾಹಿತಿ ಮತ್ತೆ ಸಿಗುವುದಿಲ್ಲ. ಹೊಸ ಕಾಲದ ಶೆಲ್ಲಿನ ಹಾಗೆ ಕಂಡರೆ ಮುಟ್ಟದೆ ದೂರ ಸರಿದು 112ಕ್ಕೆ ಫೋನ್ ಮಾಡಿ.

ನಕಲಿ ಮಾಲನ್ನು ಹೇಗೆ ಗುರುತಿಸುತ್ತಾರೆ?

ಅಫ್ಘಾನಿಸ್ತಾನದ ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರು ಹಳೇ ಮಾರ್ಟಿನಿ ಹೆನ್ರಿ ಎಂದು ಕೊಂಡು ತಂದವುಗಳಲ್ಲಿ ಬಹಳಷ್ಟು ಖೈಬರ್ ಕಡೆಯ ಕುಶಲಕರ್ಮಿಗಳ ಕೈಕೆಲಸ. ಅಕ್ಷರ ತಿರುಗುಮುರುಗಾಗಿರುತ್ತದೆ. ವಿಕ್ಟೋರಿಯಾ ರಾಣಿಯ ಮುದ್ರೆ ಇರುತ್ತದೆ, ಇಸವಿ ಮಾತ್ರ ಆಕೆ ತೀರಿಕೊಂಡ 1901ರ ನಂತರದ್ದು. ಬೆಲೆ ಏರಿದ ಮಾದರಿಗೇ ನಕಲಿ ಜಾಸ್ತಿ. ಆದ್ದರಿಂದ ಆಮದು ನಿಂತ ಸುದ್ದಿ ಬಂದ ಮೇಲೆ ಸಂಗ್ರಹಕಾರರು ಮುದ್ರೆಗಳನ್ನು ಇನ್ನೂ ಹುಷಾರಾಗಿ ಓದುತ್ತಾರೆ.

ಕೊಳ್ಳುವುದು ಆಗಲ್ಲ, ಆಸಕ್ತಿ ಮಾತ್ರ ಇದೆ. ನಮ್ಮ ಕಡೆ ಏನು ನೋಡಬಹುದು?

ಬೇಕಾದಷ್ಟಿದೆ. ದುರ್ಗದ ಕೋಟೆಯೊಳಗೆ ಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳಿವೆ, ಅದರಿಂದ ಶುರು ಮಾಡಿ. ಮದ್ದನ್ನು ಎಷ್ಟು ಪ್ರಮಾಣದಲ್ಲಿ ಅರೆಯುತ್ತಿದ್ದರು ಎಂಬ ಅಂದಾಜು ಅಲ್ಲೇ ಸಿಗುತ್ತದೆ. ಊರಿನ ಮ್ಯೂಸಿಯಮ್ಮಿನಲ್ಲಿ ಪಾಳೆಯಗಾರರ ಕಾಲದ ಆಯುಧಗಳಿವೆ. ಶಿವಮೊಗ್ಗಕ್ಕೆ ಹೋದರೆ, ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯಿಂದ 2018ರಲ್ಲಿ ತೆಗೆದ ರಾಕೆಟ್‌ಗಳನ್ನು ಕೇಳಿ ನೋಡಿ. ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಸಿಕ್ಕಿದ್ದವು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 2021ರಿಂದ ಮ್ಯೂಸಿಯಂ ಆಗಿದೆ. ಹಳೇ ಮಿಲಿಟರಿ ರೈಫಲ್‌ಗಳನ್ನು ಹತ್ತಿರದಿಂದ ನೋಡಲು ಒಳ್ಳೆಯ ಜಾಗ.

ಎನ್‌ಸಿಸಿಯಲ್ಲಿ, ಸೈನ್ಯದಲ್ಲಿ, ಪೊಲೀಸ್ ಇಲಾಖೆಯಲ್ಲಿ ಇದ್ದ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕೂರಿಸಿ ಮಾತಾಡಿಸಿ. ಯಾವ ರೈಫಲ್ ಹಿಡಿದಿದ್ದರು, ಮೇಲೆ ಏನು ಮುದ್ರೆ ಇತ್ತು, ಯಾವ ವರ್ಷ ಹೊಸದು ಕೊಟ್ಟರು ಎಂದು ಕೇಳಿ ಬರೆದುಕೊಳ್ಳಿ. ಫೋಟೊ ಇದ್ದರೆ ಹಿಂದುಗಡೆ ಹೆಸರು, ಇಸವಿ, ಊರು ಬರೆಯಿರಿ.